ರುದತೀವಿತ್ತ: ಉತ್ತರಾಧಿಕಾರದ ಇತಿಹಾಸ ಮತ್ತು ಶ್ರಾವಕಧರ್ಮ

ಗೃಹಸ್ಥನೊಬ್ಬನು ದೇಹ ಬಿಟ್ಟ ಮನೆಯಲ್ಲಿ ಸೂತಕದ ದಿನಗಳು ಕಳೆಯುವ ಮುನ್ನವೇ ಕಾಗದಪತ್ರಗಳ ಪ್ರಶ್ನೆ ತಲೆದೋರುತ್ತದೆ. ಅಂಗಡಿಯ ಲೆಕ್ಕವನ್ನು ಯಾರು ನೋಡಬೇಕು, ಬ್ಯಾಂಕಿನ ಠೇವಣಿ ಯಾರ ಕೈಗೆ ಬರಬೇಕು, ಜಮೀನಿನ ಖಾತೆ ಯಾರ ಹೆಸರಿಗೆ ಏರಬೇಕು, ಉಯಿಲು ಇದೆಯೋ ಇಲ್ಲವೋ, ಇದ್ದರೆ ಅದನ್ನು ಯಾರ ಮುಂದೆ ರುಜುವಾತುಪಡಿಸಬೇಕು ಎಂಬ ಮಾತುಗಳು ಮೆಲ್ಲಗೆ ಆರಂಭವಾಗುತ್ತವೆ. ಜೀವವು ತನ್ನ ಕರ್ಮವನ್ನು ಮಾತ್ರ ಕೊಂಡೊಯ್ಯುತ್ತದೆ. ಪರಿಗ್ರಹವೆಲ್ಲ ಇಲ್ಲಿಯೇ ಉಳಿಯುತ್ತದೆ. ಹಾಗೆ ಉಳಿದದ್ದು ಯಾರದು ಎಂದು ಹೇಳುವ ಅಧಿಕಾರ ಒಂದು ಕಾಲದಲ್ಲಿ ಅರಸನಿಗಿತ್ತು, ಮತ್ತೊಂದು ಕಾಲದಲ್ಲಿ ಕುಲದ ಹಿರಿಯರಿಗಿತ್ತು, ಇಂದು ನ್ಯಾಯಾಲಯಕ್ಕಿದೆ. ಅಧಿಕಾರಿಗಳು ಬದಲಾದರೂ ಒಂದು ಸಂಗತಿ ಬದಲಾಗಲಿಲ್ಲ. ಸತ್ತವನ ಆಸ್ತಿಯ ವ್ಯವಹಾರದಲ್ಲಿ ಎಲ್ಲರಿಗಿಂತ ಸುಲಭವಾಗಿ ಮರೆತುಹೋಗುವವಳು ಆ ಮನೆಯಲ್ಲಿ ಅಳುತ್ತ ಕುಳಿತ ಹೆಣ್ಣು.

ಜೈನ ಪರಂಪರೆಯು ಈ ಹೆಣ್ಣನ್ನು ಮರೆಯಲಿಲ್ಲವೆಂಬುದಕ್ಕೆ ಇತಿಹಾಸದಲ್ಲಿ ಆಧಾರಗಳಿವೆ. ಆದರೆ ಅವುಗಳನ್ನು ಅಭಿಮಾನದಿಂದ ಎತ್ತಿ ಹೇಳಿದರೆ ಸಾಲದು. ಆ ಆಧಾರಗಳು ಇಂದಿನ ಶ್ರಾವಕ ಕುಟುಂಬಗಳಿಂದ ಏನನ್ನು ಅಪೇಕ್ಷಿಸುತ್ತವೆ ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

ಅರಸನು ಕೈಬಿಟ್ಟ ಹಣ

ಪುತ್ರಸಂತಾನವಿಲ್ಲದೆ ತೀರಿಕೊಂಡವನ ಆಸ್ತಿಯು ಅರಸನ ಬೊಕ್ಕಸಕ್ಕೆ ಸೇರುವ ಪದ್ಧತಿ ಪ್ರಾಚೀನ ಭಾರತದ ಹಲವು ರಾಜ್ಯಗಳಲ್ಲಿ ಇತ್ತು. ಕಾಳಿದಾಸನ 'ಅಭಿಜ್ಞಾನಶಾಕುಂತಲ'ದ ಆರನೆಯ ಅಂಕದಲ್ಲಿ ಇದರ ಚಿತ್ರ ದೊರೆಯುತ್ತದೆ. ಧನಮಿತ್ರನೆಂಬ ಸಮುದ್ರವ್ಯಾಪಾರಿ ಹಡಗೊಡೆದು ಸತ್ತನೆಂದೂ ಮಕ್ಕಳಿಲ್ಲದ ಅವನ ದ್ರವ್ಯವು ರಾಜನಿಗೆ ಸೇರತಕ್ಕದ್ದೆಂದೂ ಮಂತ್ರಿಯು ಬರೆದು ಕಳುಹಿಸುತ್ತಾನೆ. ದುಷ್ಯಂತನು ವ್ಯಾಪಾರಿಯ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯಾಗಿರುವಳೇ ಎಂದು ವಿಚಾರಿಸಿ, ಗರ್ಭದಲ್ಲಿರುವ ಶಿಶುವಿಗೇ ತಂದೆಯ ಧನ ಸಲ್ಲಬೇಕೆಂದು ಆಜ್ಞಾಪಿಸುತ್ತಾನೆ. ಇದು ರಾಜನ ಸಹೃದಯತೆಗೆ ನಿದರ್ಶನವೆಂಬುದರಲ್ಲಿ ಸಂಶಯವಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಹೆಂಡಿರಲ್ಲಿ ಯಾರೂ ಗರ್ಭಿಣಿಯಾಗಿರದಿದ್ದರೆ ಅವರ ಗತಿ ಏನಾಗುತ್ತಿತ್ತು? ಗಂಡನ ಧನಕ್ಕೆ ಹೆಂಡತಿ ತಾನೇ ಹಕ್ಕುದಾರಳೆಂಬ ಮಾತು ಆ ಆಸ್ಥಾನದಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಕನ್ನಡ ನಾಡಿನ ಮಧ್ಯಕಾಲೀನ ಶಾಸನಗಳಲ್ಲಿಯೂ ಅಪುತ್ರಕರ ಧನದ ಪ್ರಸ್ತಾಪ ಕಾಣಬರುತ್ತದೆ. ಅದೊಂದು ದೊಡ್ಡ ಪ್ರಶ್ನೆಯಾಗಿದ್ದುದರಿಂದಲೇ ಕಲ್ಲಿನ ಮೇಲೆ ಬರೆಸಬೇಕಾಯಿತು.

ಈ ಪದ್ಧತಿಯನ್ನು ಧರ್ಮದ ಕಾರಣಕ್ಕಾಗಿ ಕೈಬಿಟ್ಟ ಅರಸನೆಂದು ಇತಿಹಾಸ ನೆನೆಯುವುದು ಗುಜರಾತಿನ ಚೌಲುಕ್ಯ ಕುಮಾರಪಾಲನನ್ನು. ಹನ್ನೆರಡನೆಯ ಶತಮಾನದಲ್ಲಿ ಅಣಹಿಲಪಾಟಕದಿಂದ ಆಳಿದ ಈತನು ಆಚಾರ್ಯ ಹೇಮಚಂದ್ರರ ಪ್ರಭಾವಕ್ಕೆ ಒಳಗಾಗಿದ್ದನು. ಒಂದು ರಾತ್ರಿ ಹೆಣ್ಣೊಬ್ಬಳು ಅಳುವ ದನಿ ಅರಸನ ಕಿವಿಗೆ ಬಿತ್ತೆಂದೂ, ಗಂಡನನ್ನೂ ಮಗನನ್ನೂ ಕಳೆದುಕೊಂಡ ಆಕೆ ಇನ್ನು ಮನೆಯ ಸ್ವತ್ತೂ ಅರಮನೆಯ ಪಾಲಾಗುವುದೆಂದು ಪ್ರಾಣ ಬಿಡಲು ಹೊರಟಿದ್ದಳೆಂದೂ, ಅದನ್ನು ಕಂಡ ಅರಸನು ಅಂತಹ ಧನವನ್ನು ಇನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿದನೆಂದೂ ಜೈನ ಪರಂಪರೆಯ ಕಥನವಿದೆ. ಯಶಃಪಾಲನ 'ಮೋಹರಾಜಪರಾಜಯ' ನಾಟಕದಲ್ಲಿ ಕುಬೇರನೆಂಬ ಶ್ರೇಷ್ಠಿಯು ಸಮುದ್ರದಲ್ಲಿ ಕಾಣೆಯಾದ ಸುದ್ದಿ ಬಂದಾಗ ಅರಸನು ಆ ಮನೆಗೇ ಹೋಗಿ, ಕಣ್ಣೆದುರಿಗಿದ್ದ ಅಪಾರ ಸಂಪತ್ತನ್ನು ಬಿಟ್ಟು ಬರುವ ಪ್ರಸಂಗ ಬರುತ್ತದೆ. ಈ ಬಗೆಯ ಧನಕ್ಕೆ ಅಂದಿನ ಗ್ರಂಥಗಳಲ್ಲಿ 'ಮೃತಧನ' ಎಂಬ ಹೆಸರಿದ್ದಂತೆಯೇ 'ರುದತೀವಿತ್ತ' ಎಂಬ ಹೆಸರೂ ಇದೆ. ರುದತೀವಿತ್ತವೆಂದರೆ ಅಳುವವಳ ಹಣ. ಲೆಕ್ಕದ ಪುಸ್ತಕದಲ್ಲಿ ಆದಾಯದ ಒಂದು ಬಾಬತ್ತಾಗಿ ಕಾಣುವ ಮೊತ್ತಕ್ಕೆ ಇಂತಹ ಹೆಸರನ್ನಿಟ್ಟವರು ಅದು ಎಲ್ಲಿಂದ ಬಂದಿತೆಂಬುದನ್ನು ಓದುವವನು ಮರೆಯದಂತೆ ಮಾಡಿದರು. ಕುಮಾರಪಾಲನು ತ್ಯಜಿಸಿದ್ದು ರಾಜ್ಯದ ದೊಡ್ಡ ಆದಾಯವನ್ನು. ಅಹಿಂಸೆಯ ಅರ್ಥವ್ಯಾಪ್ತಿಯಲ್ಲಿ ಪ್ರಾಣಿವಧೆಯ ನಿಷೇಧದ ಜೊತೆಗೆ ವಿಧವೆಯ ಕಣ್ಣೀರೂ ಸೇರಿದೆಯೆಂಬ ತಿಳಿವಳಿಕೆ ಈ ಪ್ರಸಂಗದಲ್ಲಿ ಅಡಗಿದೆ.

ಜಿನಸೇನರ ಮೂರು ಪಾಲು

ಕುಮಾರಪಾಲನಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆ, ಕನ್ನಡ ನಾಡಿನ ಮಣ್ಣಿನಲ್ಲಿಯೇ ಈ ವಿಷಯ ಇನ್ನೂ ಆಳವಾಗಿ ಚಿಂತಿತವಾಗಿತ್ತು. ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷನಿಗೆ ಪೂಜ್ಯರಾಗಿದ್ದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ 'ಆದಿಪುರಾಣ'ವು ಮುಂದೆ ಪಂಪನ ಕನ್ನಡ ಆದಿಪುರಾಣಕ್ಕೆ ಆಧಾರವಾಯಿತು. ಅದರ ಮೂವತ್ತೆಂಟನೆಯ ಪರ್ವದಲ್ಲಿ ಭರತಚಕ್ರವರ್ತಿಯು ಗೃಹಸ್ಥನ ಕ್ರಿಯೆಗಳನ್ನು ವಿವರಿಸುತ್ತಾನೆ. ದಾನದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಗಳನ್ನು ಅಲ್ಲಿ ಹೇಳಿದೆ. ತನ್ನ ವಂಶದ ಮುಂದುವರಿಕೆಗಾಗಿ ಧನವನ್ನು ಕುಲಧರ್ಮದೊಡನೆ ಮುಂದಿನವರಿಗೆ ಒಪ್ಪಿಸುವುದು ಅನ್ವಯದತ್ತಿ. ಆಸ್ತಿಯನ್ನು ಮಕ್ಕಳಿಗೆ ಬಿಡುವುದನ್ನು ಜಿನಸೇನರು ದಾನದ ಸಾಲಿನಲ್ಲಿ ಇರಿಸಿದುದು ಗಮನಾರ್ಹ. ದಾನವೆಂದ ಮೇಲೆ ಕೊಡುವವನಿಗೆ ಎಚ್ಚರವಿರಬೇಕು, ಮನಸ್ಸು ಶುದ್ಧವಾಗಿರಬೇಕು, ವಿಧಿ ಇರಬೇಕು. ಹೇಳದೆ ಕೇಳದೆ ಬಿಟ್ಟುಹೋದದ್ದು ದಾನವೆನಿಸದು.

ಅದೇ ಪರ್ವದ ಗೃಹತ್ಯಾಗಕ್ರಿಯೆಯ ವಿವರಣೆಯಲ್ಲಿ ಆ ವಿಧಿಯೂ ದೊರೆಯುತ್ತದೆ. ಮನೆಯನ್ನು ತೊರೆಯಲು ಸಿದ್ಧನಾದ ಗೃಹಸ್ಥನು ಸಿದ್ಧಪೂಜೆಯನ್ನು ಮಾಡಿ, ಮಾನ್ಯರಾದವರನ್ನೆಲ್ಲ ಕರೆಸಿ, ಅವರ ಸಾಕ್ಷಿಯಾಗಿ ಎಲ್ಲವನ್ನೂ ಹಿರಿಯ ಮಗನಿಗೆ ಒಪ್ಪಿಸಬೇಕು. ಒಪ್ಪಿಸುವಾಗ ಧನವನ್ನು ಮೂರು ಪಾಲು ಮಾಡಬೇಕು. ಒಂದು ಪಾಲು ಧರ್ಮಕಾರ್ಯಕ್ಕೆ, ಎರಡನೆಯದು ಮನೆಯ ವೆಚ್ಚಕ್ಕೆ, ಮೂರನೆಯದು ಒಡಹುಟ್ಟಿದವರಲ್ಲಿ ಹಂಚಿಕೆಗೆ. ಆ ಹಂಚಿಕೆಯಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೊಡನೆ ಸಮಾನವಾದ ಪಾಲಿಗೆ ಅರ್ಹರು ಎಂದು ಜಿನಸೇನರು ಸ್ಪಷ್ಟವಾಗಿ ವಿಧಿಸುತ್ತಾರೆ.

ಉಯಿಲಿಗೆ ಸಂಬಂಧಿಸಿದ ಮುಖ್ಯ ಅಂಶಗಳೆಲ್ಲ ಇಲ್ಲಿ ಇವೆ. ಸ್ವಸ್ಥಚಿತ್ತದಿಂದ ತಾನೇ ಮಾಡುವ ನಿರ್ಧಾರ, ಮಾನ್ಯರ ಸಾಕ್ಷ್ಯ, ನಿರ್ವಹಣೆಯ ಹೊಣೆ ಹೊತ್ತ ಒಬ್ಬ ವ್ಯಕ್ತಿ, ಧರ್ಮಕ್ಕೆ ಮೀಸಲಾದ ಭಾಗ, ಕುಟುಂಬದವರಿಗೆ ನ್ಯಾಯವಾದ ಪಾಲು. ಹಿರಿಯ ಮಗನು ಎಲ್ಲವನ್ನೂ ಸ್ವೀಕರಿಸುತ್ತಾನೆ, ಆದರೆ ಎಲ್ಲದರ ಒಡೆಯನಾಗಿ ಅಲ್ಲ. ಮೂರರಲ್ಲಿ ಎರಡು ಪಾಲಿಗೆ ಅವನು ಹಂಚುವವನು ಅಥವಾ ಕಾಯುವವನು ಮಾತ್ರ. ಸಲ್ಲೇಖನೆಯನ್ನು ಕೈಗೊಳ್ಳುವವನು ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಟ್ಟು ಸ್ವಜನ ಪರಿಜನರನ್ನು ಕ್ಷಮಿಸಿ ಅವರಿಂದಲೂ ಕ್ಷಮೆ ಪಡೆಯಬೇಕೆಂದು ಸಮಂತಭದ್ರಸ್ವಾಮಿಗಳ 'ರತ್ನಕರಂಡಕ ಶ್ರಾವಕಾಚಾರ'ವು ಬೋಧಿಸುವುದೂ ಇದೇ ದಿಕ್ಕಿನಲ್ಲಿ. ಲೆಕ್ಕ ಚುಕ್ತವಾಗದ ಮನೆಯಲ್ಲಿ ಅಂತಹ ನಿಶ್ಶಲ್ಯವಾದ ಮನಸ್ಸು ಸುಲಭಸಾಧ್ಯವಲ್ಲ.

ತುಳುನಾಡಿನ ಜೈನರಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಇತ್ತು. ಅಲ್ಲಿನ ಅನೇಕ ಜೈನ ಮನೆತನಗಳು ಅಳಿಯಸಂತಾನ ಕಟ್ಟನ್ನು ಅನುಸರಿಸುತ್ತಿದ್ದವು. ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುತ್ತಿದ್ದವು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಜನಿಸಿದ ಚೌಟ ಅರಸುಮನೆತನವೂ ಇದೇ ಕಟ್ಟಿನದು. ಒಂದೇ ಧರ್ಮದವರು ಗುಜರಾತಿನಲ್ಲಿ, ಬಯಲುಸೀಮೆಯಲ್ಲಿ, ಕರಾವಳಿಯಲ್ಲಿ ಬೇರೆಬೇರೆ ಕಟ್ಟುಗಳನ್ನು ನಡೆಸಿಕೊಂಡು ಬಂದಿದ್ದರೆಂಬುದನ್ನು ನೆನಪಿಟ್ಟರೆ, ಮುಂದೆ ಬ್ರಿಟಿಷ್ ನ್ಯಾಯಾಲಯಗಳಲ್ಲಿ ಉದ್ಭವಿಸಿದ ತೊಡಕು ಅರ್ಥವಾಗುತ್ತದೆ.

ಬೀಗ ಹಾಕಿದ ಗ್ರಂಥಗಳು

ಬ್ರಿಟಿಷರ ಆಡಳಿತದಲ್ಲಿ ಜೈನರ ಉತ್ತರಾಧಿಕಾರದ ವ್ಯಾಜ್ಯಗಳು ನ್ಯಾಯಾಲಯಕ್ಕೆ ಬಂದಾಗ, ಅವರಿಗೆ ಯಾವ ಶಾಸ್ತ್ರ ಅನ್ವಯಿಸಬೇಕೆಂಬುದೇ ಮೊದಲ ಪ್ರಶ್ನೆಯಾಯಿತು. ಮುಂಬಯಿ ಉಚ್ಚ ನ್ಯಾಯಾಲಯವು 1873ರ ಭಗವಾನ್‌ದಾಸ್ ತೇಜ್‌ಮಲ್ ಪ್ರಕರಣದಲ್ಲಿ, ಬೇರೆ ಸಂಪ್ರದಾಯವುಂಟೆಂದು ಸಿದ್ಧಪಡಿಸದಿದ್ದರೆ ಜೈನರಿಗೂ ಹಿಂದೂ ಧರ್ಮಶಾಸ್ತ್ರವೇ ಅನ್ವಯಿಸುವುದೆಂದು ನಿಲುವು ತಳೆಯಿತು. ಆ ಶಾಸ್ತ್ರದ ಪ್ರಕಾರ ವಿಧವೆಗೆ ದೊರೆಯುತ್ತಿದ್ದುದು ಜೀವಿತಾವಧಿಯ ಸೀಮಿತ ಹಕ್ಕು. ಆಕೆ ಆಸ್ತಿಯನ್ನು ಅನುಭವಿಸಬಹುದಿತ್ತು, ಆದರೆ ತಕ್ಕ ಕಾರಣವಿಲ್ಲದೆ ಪರಭಾರೆ ಮಾಡುವಂತಿರಲಿಲ್ಲ.

ಇದಕ್ಕೆ ಮಹತ್ತ್ವದ ಅಪವಾದ ದೊರೆತದ್ದು 1878ರಲ್ಲಿ. ಶಿವಸಿಂಗ್ ರಾಯ್ ಮತ್ತು ದಾಖೋ ಎಂಬವರ ನಡುವಣ ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಉತ್ತರ ಭಾರತದ ಸರಾವಗಿ ಅಗರವಾಲ ಸಮುದಾಯದ ಪುತ್ರಹೀನ ವಿಧವೆಯೊಬ್ಬಳ ಹಕ್ಕು ಅಲ್ಲಿ ಚರ್ಚೆಯ ವಿಷಯ. ಹಲವು ನಗರಗಳ ಜೈನ ಗಣ್ಯರ ಸಾಕ್ಷ್ಯವನ್ನು ಪರಿಶೀಲಿಸಿದ ಬಳಿಕ, ಆ ಸಮುದಾಯದಲ್ಲಿ ಪುತ್ರಹೀನ ವಿಧವೆಯು ಕನಿಷ್ಠಪಕ್ಷ ಗಂಡನ ಸ್ವಯಾರ್ಜಿತ ಆಸ್ತಿಗೆ ಪೂರ್ಣ ಒಡತಿಯೆಂದೂ, ಗಂಡನ ಅಪ್ಪಣೆಯಿಲ್ಲದೆಯೇ ದತ್ತು ತೆಗೆದುಕೊಳ್ಳಬಲ್ಲಳೆಂದೂ ತೀರ್ಪಾಯಿತು. ಕುಮಾರಪಾಲನು ಕೃಪೆಯಿಂದ ಬಿಟ್ಟುಕೊಟ್ಟದ್ದನ್ನು ಈ ಹೆಣ್ಣುಮಗಳು ಹಕ್ಕೆಂದು ಪಡೆದಳು. ಆದರೆ ಇದು ಎಲ್ಲ ಜೈನರಿಗೂ ತಾನಾಗಿಯೇ ಅನ್ವಯಿಸುವ ನಿಯಮವಾಗಲಿಲ್ಲ. ಪ್ರತಿಯೊಂದು ಸಮುದಾಯವೂ ತನ್ನ ಸಂಪ್ರದಾಯವನ್ನು ಸಾಕ್ಷಿಗಳ ಮೂಲಕ ಸಿದ್ಧಪಡಿಸಬೇಕಾಯಿತು. ಸಾಕ್ಷ್ಯ ಒದಗಿಸಲಾಗದಿದ್ದಲ್ಲಿ ಹಕ್ಕೂ ಇಲ್ಲವಾಯಿತು.

ಈ ಕೊರತೆಯನ್ನು ತುಂಬಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಬ್ಬರು ನ್ಯಾಯಶಾಸ್ತ್ರಜ್ಞರು ಶ್ರಮಿಸಿದರು. ಜುಗಮಂದರಲಾಲ್ ಜೈನಿಯವರು 'ಭದ್ರಬಾಹು ಸಂಹಿತೆ'ಯ ದಾಯಭಾಗವನ್ನು 1916ರಲ್ಲಿ ಇಂಗ್ಲಿಷಿಗೆ ತಂದರು. ಬ್ಯಾರಿಸ್ಟರ್ ಚಂಪತ್ ರಾಯ್ ಜೈನರು 1926ರಲ್ಲಿ 'ಜೈನ ಲಾ' ಎಂಬ ಗ್ರಂಥವನ್ನು ಪ್ರಕಟಿಸಿ, ಜೈನ ನೀತಿಗ್ರಂಥಗಳಲ್ಲಿ ವಿಧವೆಗೆ ಗಂಡನ ಆಸ್ತಿಯಲ್ಲಿ ಮೊದಲ ಸ್ಥಾನವಿದೆಯೆಂದು ಪ್ರತಿಪಾದಿಸಿದರು. ಈ ಗ್ರಂಥಗಳ ಕಾಲ ಮತ್ತು ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲದಿದ್ದರೂ, ಅವು ಒಂದು ಜೀವಂತ ಆಚಾರವನ್ನು ದಾಖಲಿಸುತ್ತವೆಂಬುದನ್ನು ಅಲ್ಲಗಳೆಯಲಾಗದು. 1927ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಕುಮಾರಸ್ವಾಮಿ ಶಾಸ್ತ್ರಿಗಳು ಗಟೆಪ್ಪ–ಈರಮ್ಮ ಪ್ರಕರಣದಲ್ಲಿ, ಜೈನರು ಹಿಂದೂ ಮತದಿಂದ ಸಿಡಿದು ಬಂದವರಲ್ಲ, ಸ್ಮೃತಿಗಳಿಗಿಂತ ಹಿಂದಿನ ಇತಿಹಾಸ ಅವರಿಗಿದೆ ಎಂದು ಅಭಿಪ್ರಾಯಪಟ್ಟರು. ಆದರೆ ಅಷ್ಟರಲ್ಲಿ ಹಿಂದಿನ ತೀರ್ಪುಗಳು ಗಟ್ಟಿಯಾಗಿ ಬೇರೂರಿದ್ದವು.

ತಡವಾಗಲು ಕಾರಣವೇನು? ಅದರಲ್ಲಿ ಸಮಾಜದ ಪಾಲೂ ಇತ್ತು. ಶಾಸ್ತ್ರಗ್ರಂಥಗಳನ್ನು ಹೊರಗಿನವರ ಕೈಗೆ ಕೊಡಬಾರದು, ಅಚ್ಚು ಹಾಕಿಸಬಾರದು ಎಂಬ ಭಾವನೆಯಿಂದ ಅವು ಭಂಡಾರಗಳಲ್ಲಿ ಬೀಗದೊಳಗೆ ಉಳಿದವು. ಕಾಪಾಡುವ ಶ್ರದ್ಧೆಯಿಂದಲೇ ಹಾಗೆ ಮಾಡಿದರು. ಆದರೆ ನ್ಯಾಯಾಧೀಶನ ಮೇಜಿಗೆ ಬಾರದ ಗ್ರಂಥವು ಯಾವ ವಿಧವೆಯ ಪರವಾಗಿಯೂ ಸಾಕ್ಷಿ ನುಡಿಯಲಾರದು. ಯಾರಿಗೂ ತಿಳಿಸದೆ ತಿಜೋರಿಯಲ್ಲಿ ಇರಿಸಿದ ಉಯಿಲಿನ ಸ್ಥಿತಿಯೂ ಇದೇ.

ಪ್ರೊಬೇಟ್ ಎಂಬ ವ್ಯವಸ್ಥೆ

ಬ್ರಿಟಿಷರೊಡನೆ ಬಂದ ಇನ್ನೊಂದು ವ್ಯವಸ್ಥೆ ಪ್ರೊಬೇಟ್. ಉಯಿಲಿನ ನೈಜತೆಯು ಸಿದ್ಧಪಟ್ಟಿದೆಯೆಂದು ನ್ಯಾಯಾಲಯವು ತನ್ನ ಮುದ್ರೆಯೊಡನೆ ಕೊಡುವ ಪ್ರತಿ, ಜೊತೆಗೆ ಅದರಲ್ಲಿ ನೇಮಕವಾದ ನಿರ್ವಾಹಕನಿಗೆ ಆಸ್ತಿಯ ಆಡಳಿತಾಧಿಕಾರ, ಇವೆರಡೂ ಸೇರಿದ್ದು ಪ್ರೊಬೇಟ್. 1726ರ ರಾಜಶಾಸನದ ಮೇರೆಗೆ ಮದರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ಏರ್ಪಟ್ಟ ಮೇಯರ್ ನ್ಯಾಯಾಲಯಗಳಿಗೆ ಈ ಅಧಿಕಾರವಿತ್ತು. 1865ರ ಉತ್ತರಾಧಿಕಾರ ಕಾಯಿದೆಯಿಂದ ಹಿಂದೂ ಜೈನರನ್ನು ಹೊರಗಿಡಲಾಗಿತ್ತು. 1870ರ ಹಿಂದೂ ಉಯಿಲುಗಳ ಕಾಯಿದೆಯು ಹಿಂದೂ, ಜೈನ, ಸಿಖ್, ಬೌದ್ಧರೆಂದು ಹೆಸರಿಸಿಯೇ, ಬಂಗಾಳದ ಕೆಳಪ್ರಾಂತಗಳಲ್ಲಿ ಹಾಗೂ ಮದರಾಸು, ಮುಂಬಯಿ ನಗರಗಳಲ್ಲಿ ಆ ವರ್ಷದ ಸೆಪ್ಟೆಂಬರ್ 1ರಿಂದ ಅವರು ಮಾಡುವ ಉಯಿಲುಗಳನ್ನು ಈ ವ್ಯವಸ್ಥೆಯೊಳಗೆ ತಂದಿತು. 1881ರ ಪ್ರೊಬೇಟ್ ಕಾಯಿದೆಯೇ ಮೊದಲಾದವನ್ನೆಲ್ಲ ಒಟ್ಟುಗೂಡಿಸಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ರೂಪುಗೊಂಡಿತು.

ಈ ಕಾಯಿದೆಯ 213ನೆಯ ಕಲಮಿನಿಂದಾಗಿ ಆ ಮಹಾನಗರಗಳಿಗೆ ಸಂಬಂಧಿಸಿದ ಉಯಿಲುಗಳಿಗೆ ಪ್ರೊಬೇಟ್ ಕಡ್ಡಾಯವಾಗಿತ್ತು. ಕರ್ನಾಟಕದಲ್ಲಿ ಮಾಡಿದ, ಕರ್ನಾಟಕದ ಆಸ್ತಿಗೆ ಮಾತ್ರ ಸಂಬಂಧಿಸಿದ ಉಯಿಲಿಗೆ ಆ ಕಡ್ಡಾಯವಿರಲಿಲ್ಲ. ಆದರೆ ಇಲ್ಲಿನ ವರ್ತಕನೊಬ್ಬನಿಗೆ ಮುಂಬಯಿಯಲ್ಲಿ ಅಂಗಡಿಯೋ ಮದರಾಸಿನಲ್ಲಿ ಮನೆಯೋ ಇದ್ದರೆ, ಅವನ ಮನೆಯವರು ಅದಕ್ಕಾಗಿ ಪ್ರೊಬೇಟ್ ಪಡೆಯಲೇಬೇಕಾಗುತ್ತಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯಿದೆಯು 213ನೆಯ ಕಲಮನ್ನು ತೆಗೆದುಹಾಕಿತು. ಹೀಗೆ ಒಂದೂವರೆ ಶತಮಾನದ ಕಡ್ಡಾಯ ಕೊನೆಗೊಂಡಿತು. ಆದರೆ ಉಯಿಲನ್ನು ರುಜುವಾತುಪಡಿಸುವ ಹೊಣೆ ಕೊನೆಗೊಂಡಿಲ್ಲ. ಬೇಕೆಂದವರು ಪ್ರೊಬೇಟ್ ಪಡೆಯಬಹುದು. ತಕರಾರು ಎದ್ದರೆ ಎಲ್ಲಿಯಾದರೂ ಉಯಿಲನ್ನು ಸಾಬೀತುಪಡಿಸಲೇಬೇಕು.

ಉಯಿಲು ಮಾಡಿದವನು ಸಹಿ ಹಾಕಿರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ದೃಢೀಕರಿಸಿರಬೇಕು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಪ್ರೊಬೇಟಿಗೆ ಅರ್ಜಿ ಬಂದಾಗ ಆಸಕ್ತರಿಗೆ ತಿಳಿವಳಿಕೆ ಹೋಗುತ್ತದೆ, ಆಕ್ಷೇಪಣೆಗೆ ಅವಕಾಶವಿರುತ್ತದೆ. ಮರಣಾನಂತರ ಏಳು ದಿನ ಕಳೆಯದೆ ಪ್ರೊಬೇಟ್ ಕೊಡುವಂತಿಲ್ಲ. ಉಯಿಲಿನಲ್ಲಿ ನಿರ್ವಾಹಕನ ನೇಮಕವಿಲ್ಲದಿದ್ದರೆ, ಅಥವಾ ಉಯಿಲೇ ಇಲ್ಲದಿದ್ದರೆ, ಆಡಳಿತಾಧಿಕಾರ ಪತ್ರವನ್ನು ಕೇಳಬಹುದು. ಅದಕ್ಕೆ ಹದಿನಾಲ್ಕು ದಿನಗಳು ಕಳೆದಿರಬೇಕು. ಸತ್ತವನಿಗೆ ಬರಬೇಕಾದ ಸಾಲ, ಠೇವಣಿ, ಷೇರುಗಳಿಗೆ ಉತ್ತರಾಧಿಕಾರ ಪ್ರಮಾಣಪತ್ರವೆಂಬ ಬೇರೆ ಮಾರ್ಗವಿದೆ.

ನಿರ್ವಾಹಕನ ಹೊಣೆಯಂತೂ ಲೆಕ್ಕ ಬಲ್ಲ ಯಾವ ವರ್ತಕನೂ ಮೆಚ್ಚುವಂಥದು. ಆರು ತಿಂಗಳೊಳಗೆ ಆಸ್ತಿಪಾಸ್ತಿ ಮತ್ತು ಸಾಲಗಳ ಪಟ್ಟಿಯನ್ನೂ ಒಂದು ವರ್ಷದೊಳಗೆ ಜಮಾಖರ್ಚಿನ ಲೆಕ್ಕವನ್ನೂ ಅವನು ನ್ಯಾಯಾಲಯಕ್ಕೆ ಒಪ್ಪಿಸಬೇಕು. ಹಣ ಸಂದಾಯದಲ್ಲಿಯೂ ಕಾಯಿದೆ ಒಂದು ಕ್ರಮವನ್ನು ಇಟ್ಟಿದೆ. ಮೊದಲು ಅಂತ್ಯಸಂಸ್ಕಾರದ ಮತ್ತು ಕೊನೆಯ ಕಾಯಿಲೆಯ ವೆಚ್ಚ, ಆಮೇಲೆ ನ್ಯಾಯಾಲಯದ ವೆಚ್ಚ, ಆಮೇಲೆ ಸಾವಿಗೆ ಮುಂಚಿನ ಮೂರು ತಿಂಗಳಲ್ಲಿ ದುಡಿದ ಕೂಲಿಯವರ, ಕುಶಲಕರ್ಮಿಗಳ, ಮನೆಯಾಳುಗಳ ಸಂಬಳ, ಅನಂತರ ಉಳಿದ ಸಾಲಗಳು. ಇವೆಲ್ಲ ತೀರಿದ ಬಳಿಕವೇ ಉಯಿಲಿನ ಪ್ರಕಾರ ಕೊಡುಗೆಗಳು. ಮಗನಿಗೆ ಬರುವ ಬಂಗಾರಕ್ಕಿಂತ ಮನೆಗೆಲಸದವಳ ಬಾಕಿ ಸಂಬಳ ಮುಂದಿನದು.

ಮೈಸೂರಿನಿಂದ ಹೋದ ಒಂದು ವ್ಯಾಜ್ಯ

ಉಯಿಲಿನ ರುಜುವಾತಿನ ವಿಷಯದಲ್ಲಿ ಇಂದಿಗೂ ದೇಶದ ನ್ಯಾಯಾಲಯಗಳು ಆಧಾರವಾಗಿ ಹಿಡಿಯುವ ತೀರ್ಪಿನ ಮೂಲ ಮೈಸೂರು. ವೆಂಕಟಾಚಲ ಅಯ್ಯಂಗಾರ್–ತಿಮ್ಮಾಜಮ್ಮ ಪ್ರಕರಣವೆಂದು ಪ್ರಸಿದ್ಧವಾದ ಈ ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ ತೀರ್ಮಾನಿಸಿತು. ಉಯಿಲನ್ನು ಮುಂದಿಟ್ಟವರೇ ಅದನ್ನು ಬರೆಸುವಲ್ಲಿಯೂ ಪ್ರಮುಖ ಪಾತ್ರ ವಹಿಸಿದ್ದರು. ಅವರ ಮಕ್ಕಳಿಗೆ ಅದರಿಂದ ಗಣನೀಯ ಲಾಭವಿತ್ತು. ಸಹಿ ಇದೆ, ಸಾಕ್ಷಿಗಳಿದ್ದಾರೆ ಎಂದಷ್ಟೇ ಹೇಳಿದರೆ ಸಾಲದು, ಇಂತಹ ಸಂಶಯಾಸ್ಪದ ಸಂದರ್ಭಗಳಲ್ಲಿ ಉಯಿಲನ್ನು ಮುಂದಿಡುವವನು ಆ ಸಂಶಯಗಳನ್ನೆಲ್ಲ ನಿವಾರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ಸಮಾಧಾನವಾಗುವಂತೆ ಮಾಡಬೇಕೆಂದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ವಿವರಿಸಿದರು. ಉಯಿಲು ಮಾಡಿದವನು ಈಗ ಲೋಕದಲ್ಲಿಲ್ಲ, ತನ್ನ ಮಾತನ್ನು ತಾನೇ ಬಂದು ಹೇಳಲಾರ. ಆದುದರಿಂದಲೇ ಇಷ್ಟು ಎಚ್ಚರ.

ಶಾಸನಸಭೆಗಳೂ ಅಷ್ಟರಲ್ಲಿ ಹೆಜ್ಜೆಯಿಟ್ಟಿದ್ದವು. ಮೈಸೂರು ಸಂಸ್ಥಾನವು 1933ರಲ್ಲಿಯೇ ಸ್ತ್ರೀ ಹಕ್ಕುಗಳ ಕಾಯಿದೆಯನ್ನು ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಜೈನರಿಗೂ ಅನ್ವಯಿಸಿ, ವಿಧವೆಯನ್ನು ಮಕ್ಕಳೊಡನೆ ಮೊದಲ ದರ್ಜೆಯ ವಾರಸುದಾರಳನ್ನಾಗಿ ಮಾಡಿ, ಅವಳಿಗೆ ಬಂದ ಆಸ್ತಿಗೆ ಪೂರ್ಣ ಒಡೆತನ ನೀಡಿತು. ದಾಖೋ ಎಂಬಾಕೆ ಲಂಡನ್ನಿನವರೆಗೆ ಹೋರಾಡಬೇಕಾಗಿದ್ದ ಹಕ್ಕು ಎಲ್ಲರದಾಯಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಕರ್ನಾಟಕವು 1994ರ ತಿದ್ದುಪಡಿಯಿಂದ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ವಿವಾಹಿತರನ್ನೂ ಸೇರಿಸಿತು. ಮಗಳು ಹುಟ್ಟಿನಿಂದಲೇ ಸಮಪಾಲಿನ ಹಕ್ಕುಳ್ಳವಳೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ದೊರೆತರೂ ಉತ್ತರಾಧಿಕಾರಕ್ಕೆ ಇದೇ ಕಾಯಿದೆ ಮುಂದುವರಿದಿದೆ. ಜಿನಸೇನರು ಹೆಣ್ಣುಮಕ್ಕಳಿಗೆ ಹೇಳಿದ ಸಮಪಾಲು ಕಾಯಿದೆಯ ಪುಸ್ತಕಕ್ಕೆ ಬರಲು ಸಾವಿರಕ್ಕೂ ಹೆಚ್ಚು ವರ್ಷಗಳು ಹಿಡಿದವು.

ಶ್ರಾವಕನ ಲೆಕ್ಕ

ಕಾಯಿದೆ ಸರಿಯಾದ ಮೇಲೆ ಇನ್ನೇನು ಉಳಿಯಿತು ಎಂದು ಕೇಳಬಹುದು. ಉಳಿದಿರುವುದೇ ಮುಖ್ಯವಾದದ್ದು. ಉಯಿಲು ನಿಜವಾದದ್ದೇ ಎಂದು ಪ್ರೊಬೇಟ್ ನ್ಯಾಯಾಲಯ ಪರೀಕ್ಷಿಸುತ್ತದೆ. ಅದು ನ್ಯಾಯವಾದದ್ದೇ ಎಂದು ಪರೀಕ್ಷಿಸುವ ಹೊಣೆ ಅದಕ್ಕಿಲ್ಲ. ಆ ಹೊಣೆ ಬರೆಯುವವನದು, ಪಡೆಯುವವರದು.

ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ'ವು ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂದು ನಿರೂಪಿಸುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸುತ್ತದೆ. ಸುಳ್ಳು ಪತ್ರವನ್ನು ಸೃಷ್ಟಿಸುವುದು ಕೂಟಲೇಖ. ಒಬ್ಬನು ನಂಬಿ ಇರಿಸಿದ್ದರಲ್ಲಿ ಅವನು ಮರೆತ ಭಾಗವನ್ನು ತಾನೇ ಉಳಿಸಿಕೊಳ್ಳುವುದು ನ್ಯಾಸಾಪಹಾರ. ಈ ಮೂರು ಮಾತುಗಳನ್ನು ಸಾವು ಸಂಭವಿಸಿದ ಮನೆಯ ವ್ಯವಹಾರಕ್ಕೆ ಅನ್ವಯಿಸಿ ನೋಡಿದರೆ ಅವುಗಳ ಸೂಕ್ಷ್ಮತೆ ಅರಿವಾಗುತ್ತದೆ.

ಬ್ಯಾಂಕಿನ ಠೇವಣಿಗೆ ನಾಮನಿರ್ದೇಶಿತನಾದ ಮಗನು ಹಣವನ್ನು ಬ್ಯಾಂಕಿನಿಂದ ಪಡೆಯಲು ಅಧಿಕಾರಿಯೇ ಹೊರತು ಅದರ ಒಡೆಯನಲ್ಲ. ಕಂಪನಿಯ ಷೇರುಗಳ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. ವಾರಸುದಾರರಿಗಾಗಿ ಹಿಡಿದ ಆ ಹಣವೇ ನ್ಯಾಸ. ತಾಯಿಗೂ ತಂಗಿಗೂ ಅದರ ಸುಳಿವು ಕೊಡದೆ ಇಟ್ಟುಕೊಂಡರೆ ನ್ಯಾಸಾಪಹಾರದ ದೋಷ ತಪ್ಪದು. ಸಂಜೆಗಣ್ಣಿನ ಮುದುಕನ ಕೈಯಲ್ಲಿ ಓದಿ ಹೇಳದ ಕಾಗದಕ್ಕೆ ಸಹಿ ಮಾಡಿಸಿದರೆ, ಅಕ್ಷರಗಳೆಲ್ಲ ಸರಿಯಾಗಿದ್ದರೂ ಅದು ಕೂಟಲೇಖದ ಸಮೀಪಕ್ಕೆ ಬರುತ್ತದೆ. ಗಂಡನನ್ನು ಕಳೆದುಕೊಂಡು ಕೆಲವು ದಿನಗಳೂ ಆಗದ ಹೆಣ್ಣಿನಿಂದ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಂದ, 'ಇದೊಂದು ರೂಢಿ' ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವುದು ಅನೇಕ ಮನೆಗಳಲ್ಲಿ ನಡೆದುಬಂದಿದೆ. ಮನಃಪೂರ್ವಕವಾಗಿ, ತಿಳಿದು, ಕಾಲಾವಕಾಶ ಪಡೆದು ಬಿಟ್ಟುಕೊಟ್ಟರೆ ಅದು ತ್ಯಾಗ. ದುಃಖದ ನಡುವೆ, ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿಯಲ್ಲಿ ತ್ಯಾಗವಿಲ್ಲ. ಕಾಯಿದೆಯು ಅದನ್ನು ಒಪ್ಪಿದರೂ ಬಂದ ಹಣವು ಅಳುವವಳ ಹಣವೇ ಆಗಿರುತ್ತದೆ.

ಬಸದಿಗಳ ಮತ್ತು ಧರ್ಮಸಂಸ್ಥೆಗಳ ಆಡಳಿತ ಮಂಡಳಿಗಳಿಗೂ ಈ ಮಾತು ಸಲ್ಲುತ್ತದೆ. ಜಿನಸೇನರು ಧರ್ಮಕ್ಕೆಂದು ಇಟ್ಟದ್ದು ಮೂರರಲ್ಲಿ ಒಂದು ಪಾಲು. ಉಳಿದೆರಡನ್ನು ಮನೆಗೂ ಮಕ್ಕಳಿಗೂ ಇಟ್ಟರು. ಎಲ್ಲವನ್ನೂ ಬಸದಿಗೆ ಬರೆದು ಹೆಂಡತಿಯನ್ನು ಬರಿಗೈಯಲ್ಲಿ ಬಿಟ್ಟ ಉಯಿಲೊಂದು ಬಂದಾಗ, ಅದನ್ನು ಸ್ವೀಕರಿಸುವ ಮೊದಲು ಆ ಮನೆಯ ಸ್ಥಿತಿಯನ್ನು ವಿಚಾರಿಸುವುದು ಮಂಡಳಿಯ ಕರ್ತವ್ಯ. ರಾಜ್ಯದ ಬೊಕ್ಕಸಕ್ಕೇ ಬೇಡವಾದ ಹಣ ಜಿನಾಲಯದ ಭಂಡಾರಕ್ಕೆ ಭೂಷಣವಾಗಲಾರದು. ಅಲ್ಲದೆ, ಉಯಿಲಿನ ಮಾದರಿ, ಸಾಕ್ಷಿಗಳ ನಿಯಮ, ಅರ್ಜಿಯ ಕ್ರಮ ಇವುಗಳನ್ನು ಶ್ರಾವಕ ಶ್ರಾವಿಕೆಯರಿಗೆ ತಿಳಿಸುವ ಒಂದು ದಿನದ ಶಿಬಿರವನ್ನು ಪರ್ಯೂಷಣದ ಸಮಯದಲ್ಲಿ ಏರ್ಪಡಿಸುವುದು ಯಾವ ಮಂಡಳಿಗೂ ಕಷ್ಟವಲ್ಲ.

ಗೃಹಸ್ಥನು ಬದುಕಿರುವಾಗಲೇ ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ಆಸ್ತಿ ಮತ್ತು ಸಾಲಗಳ ಪಟ್ಟಿಯೊಂದನ್ನು ಬರೆದಿಡಬೇಕು; ವರ್ಷಕ್ಕೊಮ್ಮೆ ಪರಿಗ್ರಹಪರಿಮಾಣ ವ್ರತವನ್ನು ನೆನೆಯುವಾಗಲೇ ಅದನ್ನು ತಿದ್ದಬಹುದು. ಉಯಿಲು ಎಲ್ಲಿದೆಯೆಂಬುದು ಹೆಂಡತಿಗೆ ತಿಳಿದಿರಬೇಕು. ಸಾಕ್ಷಿಗಳು ತನಗಿಂತ ಕಿರಿಯರೂ ಪಾಲಿನಲ್ಲಿ ಆಸೆಯಿಲ್ಲದವರೂ ಆಗಿರಬೇಕು. ನಿರ್ವಾಹಕನು ಲೆಕ್ಕ ಒಪ್ಪಿಸಲು ಹಿಂಜರಿಯದವನಾಗಿರಬೇಕು. ಹೆಣ್ಣುಮಕ್ಕಳ ಪಾಲನ್ನು ಅವರು ಕೇಳುವ ಮೊದಲೇ ಬರೆದಿರಬೇಕು.

ಅಣಹಿಲಪಾಟಕದ ಆ ರಾತ್ರಿಯಲ್ಲಿ ಅಳುವ ದನಿಯನ್ನು ಕೇಳಲು ಅರಸನು ಅರಮನೆಯಿಂದ ಹೊರಗೆ ಬರಬೇಕಾಯಿತು. ಇಂದಿನ ಗೃಹಸ್ಥನಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ತನ್ನ ಬಳಿಕ ತನ್ನ ಮನೆಯಲ್ಲಿ ಯಾರು ಅಳುವರು, ಅವರ ಕೈಯಲ್ಲಿ ಏನಿರುವುದು ಎಂದು ಅವನು ಈಗಲೇ ಎಣಿಸಿ ನೋಡಬಹುದು. ಆ ಲೆಕ್ಕ ಸರಿಯಿದ್ದರೆ ಅವನು ಬಿಟ್ಟುಹೋದದ್ದು ಅನ್ವಯದತ್ತಿ. ಸರಿಯಿಲ್ಲದಿದ್ದರೆ, ನ್ಯಾಯಾಲಯದ ಮುದ್ರೆ ಬಿದ್ದರೂ ಅದು ರುದತೀವಿತ್ತ.